ಕಂಪ್ರೆಸರ್ ನುಂಗಿದ ಮಾತು

ಲೋಕದಲ್ಲಿ ಕೆಡುವುದೆಲ್ಲ ಮೂರೇ ಕಾರಣಕ್ಕೆ ಕೆಡುತ್ತದೆ ಎಂದು ಕೂಲಿಂಗಣ್ಣ ನಂಬಿದ್ದ. ಗ್ಯಾಸ್ ಸೋರಿರಬೇಕು, ಇಲ್ಲವೇ ಥರ್ಮೋಸ್ಟಾಟ್ ಹೋಗಿರಬೇಕು, ಅದೂ ಅಲ್ಲದಿದ್ದರೆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಕ್ಕಿಲ್ಲ. ಫ್ರಿಜ್ ರಿಪೇರಿಯಲ್ಲೇ ತಲೆ ನರೆತ ಈ ಮನುಷ್ಯ ಯಾರ ಮನೆಗೆ ಕಾಲಿಟ್ಟರೂ ಮೊದಲು ಕೇಳುತ್ತಿದ್ದದ್ದು “ಕೂಲಿಂಗ್ ಬರ್ತಿದೆಯಾ?” ಒಮ್ಮೆ ಯಾರದೋ ಮದುವೆಯಲ್ಲಿ ಮದುಮಗನ ಕೈ ಕುಲುಕಿ, ಅಭ್ಯಾಸಬಲದಿಂದ ಅದನ್ನೇ ಕೇಳಿಬಿಟ್ಟ. ಆವತ್ತಿನಿಂದ ಹೆಸರು ಅಂಟಿಕೊಂಡಿತು. ಹೆಸರಿನ ಗುಣ ಮಾತ್ರ ಮನುಷ್ಯನಿಗೆ ಅಂಟಲಿಲ್ಲ. ಹಾಲು ಉಕ್ಕಿದರೆ ಅಗ್ನಿಶಾಮಕ ದಳದ ನಂಬರು ಹುಡುಕುವ ಪೈಕಿ ಅವನು.

ಅಂಥವನ ಮನೆಯ ಮುಂದಿನ ಕೋಣೆಯಲ್ಲಿ ಅವನ ತಂಗಿ ಬಾಗಿಲು ಮುಚ್ಚಿಕೊಂಡು ಕೂತಿದ್ದಳು. ಈ ಬಾಗಿಲು ಬಹಳ ಸರಿಯಾಗಿ ಮುಚ್ಚುತ್ತಿತ್ತು.

ತಂಗಿಯ ಗಂಡ ಚಳಿಗಾಲದಲ್ಲಿ ತೀರಿಕೊಂಡಿದ್ದ. ಇಬ್ಬರೂ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಓದಿದವರು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವುದು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಎಲ್ಲ ಮುಗಿಯಿತು. ಅಣ್ಣ ಹೋಗಿ ಮನೆ ಖಾಲಿ ಮಾಡಿಸಿ ಅವಳನ್ನು ಕರೆತಂದ. ಒಂದು ಪೆಟ್ಟಿಗೆ ಪುಸ್ತಕ ಮತ್ತು ಗಂಡನ ಬೂದು ಸ್ವೆಟರು, ಇಷ್ಟು ಅವಳ ಜೊತೆ ಬಂದವು. ಪುಸ್ತಕದ ಪೆಟ್ಟಿಗೆಯ ಹಗ್ಗವನ್ನು ಅವಳು ಬಿಚ್ಚಲಿಲ್ಲ. ಸ್ವೆಟರನ್ನು ದಿಂಬಿನ ಅಡಿಯಲ್ಲಿ ಇಟ್ಟುಕೊಂಡಳು. ಅತ್ತಿಗೆ ಒಗೆಯಲು ಕೇಳಿದರೆ ಕೊಡಲಿಲ್ಲ.

ಅವಳು ಅಳುತ್ತಲೂ ಇರಲಿಲ್ಲ. ಅದೇ ಎಲ್ಲರಿಗೂ ಕಷ್ಟವಾಗಿತ್ತು. ಅಳುವವರಿಗೆ ನೀರು ಕೊಡಬಹುದು, ಬೆನ್ನು ಸವರಬಹುದು. ಸುಮ್ಮನೆ ಗೋಡೆ ನೋಡುವವರಿಗೆ ಏನು ಕೊಡುವುದು? ತಟ್ಟೆ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಕೇಳಿದರೆ “ಹೊಟ್ಟೆ ನೋವು” ಎನ್ನುತ್ತಿದ್ದಳು.

“ರೀ, ಮನಸ್ಸಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ,” ಎಂದಳು ಕೂಲಿಂಗಣ್ಣನ ಹೆಂಡತಿ.

“ಮೆಲ್ಲಗೆ ಮಾತಾಡೇ. ಮೇಲಿನ ಮನೇಲಿ ಟೀಚರ್ ಇದ್ದಾರೆ.”

“ಇದ್ರೆ ಏನೀಗ?”

“ಟೀಚರಿಗೆ ಕೇಳಿಸಿದ್ರೆ ಬೀದಿಗೇ ಮೈಕ್ ಹಾಕ್ದಂಗೆ. ನನ್ನ ತಂಗಿಗೆ ತಲೆ ಕೆಟ್ಟಿದೆ ಅಂತಾರೆ. ಅವಳ ತಲೆ ಸರಿಯಾಗೇ ಇದೆ. ಹೊಟ್ಟೆ ಸರಿ ಇಲ್ಲ ಅಷ್ಟೆ.”

“ಹೊಟ್ಟೆಗೆ ಬೇಕಾದವನೇ ಸತ್ತು ಹೋದ ರೀ,” ಎಂದಳು ಹೆಂಡತಿ. ಕೂಲಿಂಗಣ್ಣ ಸ್ಕ್ರೂಡ್ರೈವರ್ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟ.

ಆವತ್ತಿನ ಕೆಲಸ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿತ್ತು. ಮಾದರಿಗಳನ್ನಿಡುವ ದೊಡ್ಡ ಫ್ರಿಜ್ ಮೂಕವಾಗಿತ್ತು. ಕೂಲಿಂಗಣ್ಣ ಅದರ ಹಿಂದೆ ತೂರಿಕೊಂಡ ಮೇಲೆ ಹೊರಗಿನವರಿಗೆ ಅವನ ಎರಡು ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಆಚೆ ಒಬ್ಬ ಡಾಕ್ಟರ್ ಮೇಡಂ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದರು.

“ನಮ್ಮ ಕರುಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಅವುಗಳ ಸಮತೋಲ ತಪ್ಪಿದ್ರೆ ಮೈಯಲ್ಲಿ ಉರಿಯೂತ ಹೆಚ್ಚಬಹುದು. ಆ ಉರಿಯೂತದ ಸುದ್ದಿ ಮಿದುಳಿಗೂ ಮುಟ್ಟುತ್ತೆ. ಖಿನ್ನತೆ, ಆತಂಕ ಇರೋ ಯುವಜನರ ಕರುಳಲ್ಲಿ ಇಂಥ ಏರುಪೇರು ಹಲವು ಕಡೆ ಕಂಡಿದೆ.”

ಫ್ರಿಜ್ಜಿನ ಹಿಂದೆ ಕೂಲಿಂಗಣ್ಣನ ಕಿವಿ ನಿಮಿರಿತು.

“ಆದರೆ...” ಎಂದರು ಮೇಡಂ.

ಸರಿಯಾಗಿ ಆ ಗಳಿಗೆಯಲ್ಲೇ ಅವನ ಕೈಯಲ್ಲಿದ್ದ ಎರಡು ತಂತಿಗಳು ಒಂದಕ್ಕೊಂದು ತಾಗಿದವು. ಕಂಪ್ರೆಸರ್ ಗುಡುಗಿಕೊಂಡು ಶುರುವಾಯಿತು. ಮೇಡಂ ಬಹಳ ಹೊತ್ತು ಮಾತಾಡಿದರು, ಬೆರಳು ಆಡಿಸಿದರು, ತಲೆ ಅಡ್ಡಡ್ಡ ಅಲ್ಲಾಡಿಸಿದರು. ಫ್ರಿಜ್ಜಿನ ಹಿಂದಕ್ಕೆ ಒಂದಕ್ಷರವೂ ಬರಲಿಲ್ಲ. ವಿಜ್ಞಾನದ ತಿರುಳೆಲ್ಲ ಆ ಒಂದು “ಆದರೆ”ಯ ಆಚೆಗೇ ಕೂತಿತ್ತು. ತಾನು ಕೇಳಿದ್ದೇ ಪೂರ್ತಿ ಎಂದುಕೊಂಡು ಕೂಲಿಂಗಣ್ಣ ಹಗುರ ಹೆಜ್ಜೆಯಲ್ಲಿ ಮನೆಗೆ ಬಂದ.

ಮೆಟ್ಟಿಲ ಬಳಿ ಟೀಚರ್ ಸಿಕ್ಕರು. ತಂಗಿ ಹೇಗಿದ್ದಾಳೆ ಎಂದು ದಿನವೂ ಕೇಳುವವರು. ದಿನವೂ ತಲೆ ತಗ್ಗಿಸಿ ಹೋಗುತ್ತಿದ್ದವನು ಇಂದು ಎದೆ ಸೆಟೆಸಿ ನಿಂತ.

“ಗೊತ್ತಾಯ್ತು ಟೀಚರ್. ಮನಸ್ಸಿಂದು ಅಲ್ವೇ ಅಲ್ಲ. ಬ್ಯಾಕ್ಟೀರಿಯಾ.”

ಟೀಚರ್ ಒಂದು ಮೆಟ್ಟಿಲು ಹಿಂದೆ ಸರಿದರು. “ಬ್ಯಾಕ್ಟೀರಿಯಾನಾ? ಎಷ್ಟಿದೆ?”

“ಕೋಟ್ಯಂತರ.”

“ಅಯ್ಯೋ! ಅಂಟುತ್ತಾ?”

“ಅಂಟೋದೇನು ಟೀಚರ್, ನಿಮ್ಮ ಹೊಟ್ಟೇಲೂ ಇದೆ.”

ಇಷ್ಟು ವರ್ಷ ಯಾರೂ ಟೀಚರಿಗೆ ಇಂಥ ಮಾತು ಹೇಳಿರಲಿಲ್ಲ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮೇಲೆ ಹೋದರು. ಕೂಲಿಂಗಣ್ಣ ಕೈಕಾಲು ತೊಳೆದು ಬರುವಷ್ಟರಲ್ಲಿ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಪೇಪರ್ ಹಾಕುವವನು ಗೇಟಿನ ಆಚೆಯಿಂದಲೇ ಪೇಪರ್ ಬೀಸಿದ, ಅದು ಚರಂಡಿಗೆ ಬಿತ್ತು. ಸಂಜೆಗೆ ಚಿಕ್ಕಮ್ಮನೂ ಬಂದರು. ಕೆಟ್ಟ ಸುದ್ದಿ ಕೇಳಿದರೆ ಚಿಕ್ಕಮ್ಮನಿಗೆ ಬಸ್ಸು ತಾನಾಗಿ ಸಿಗುತ್ತಿತ್ತು. ಹೊಸ್ತಿಲ ಹೊರಗೇ ಕುರ್ಚಿ ಹಾಕಿಸಿಕೊಂಡು, ಮುಚ್ಚಿದ ಬಾಗಿಲನ್ನು ನೋಡಿ ಗಟ್ಟಿಯಾಗಿ ಕೂಗಿದರು:

“ಮಗಳೇ, ನಾನು ಚಿಕ್ಕಮ್ಮ! ಹತ್ರ ಬರಲ್ಲ, ಆದ್ರೆ ಪ್ರೀತಿ ಹಾಗೇ ಇದೆ!”

“ಚಿಕ್ಕಮ್ಮ, ಅದು ಅಂಟೋ ಕಾಯಿಲೆ ಅಲ್ಲ,” ಎಂದು ಕೂಲಿಂಗಣ್ಣ ತಲೆ ಚಚ್ಚಿಕೊಂಡ. “ಕೆಟ್ಟ ಬ್ಯಾಕ್ಟೀರಿಯಾ ಜಾಸ್ತಿ ಆಗಿದೆ, ಒಳ್ಳೇದು ಕಮ್ಮಿ ಆಗಿದೆ. ಗ್ಯಾಸ್ ಸೋರಿದಂಗೆ ಅಂತ ಇಟ್ಕೊಳ್ಳಿ. ವಾಪಸ್ಸು ತುಂಬಿಸಿದ್ರೆ ಆಯ್ತು. ಒಳ್ಳೆ ಬ್ಯಾಕ್ಟೀರಿಯಾ ಮೊಸರಲ್ಲಿ ಇರುತ್ತೆ. ಮನೆ ಮನೆ ಮೊಸರಲ್ಲಿ ಬೇರೆ ಬೇರೆ ಇರುತ್ತೆ.”

ಈ ಕೊನೆಯ ಮಾತು ಗೇಟಿನ ಆಚೆ ಕಿವಿಗೊಟ್ಟಿದ್ದವರಿಗೂ ಕೇಳಿಸಿತು. ಮನುಷ್ಯರು ವಿಚಿತ್ರ. ರೋಗಕ್ಕೆ ಹೆದರಿ ಓಡಿದವರೇ ತಮ್ಮ ಮನೆಯ ಮೊಸರಿನ ಮರ್ಯಾದೆಯ ಪ್ರಶ್ನೆ ಬಂದಾಗ ತಿರುಗಿ ಬಂದರು. ಮರುದಿನ ಬೆಳಿಗ್ಗೆ ಕೂಲಿಂಗಣ್ಣನ ಅಡುಗೆಮನೆ ಕಟ್ಟೆಯ ಮೇಲೆ ಬಟ್ಟಲುಗಳ ಸಂತೆ ನೆರೆಯಿತು. ಪಕ್ಕದ ಮನೆಯ ಟೈಲರ್ ತಂದ ಮೊಸರನ್ನು ಕತ್ತರಿಯಲ್ಲಿ ಕತ್ತರಿಸಬಹುದಿತ್ತು. “ನಮ್ಮ ಮೊಸರು ತಿಂದು ನಮ್ಮಪ್ಪ ಕೊನೇ ತನಕ ಒಂದು ದಿನಾನೂ ಬೇಜಾರಾಗಿರಲಿಲ್ಲ,” ಎಂದ ಅವನು. “ನಿಮ್ಮಪ್ಪನಿಗೆ ಬೇಜಾರಾಗ್ಲಿಲ್ಲ, ನಿಮ್ಮಮ್ಮನ್ನ ಕೇಳಿ ನೋಡು,” ಎಂದು ಚಿಕ್ಕಮ್ಮ ಹೊಸ್ತಿಲಿನಿಂದಲೇ ಕುಟುಕಿದರು. ಮೊಸರಿನ ನೆಪದಲ್ಲಿ ಟೈಲರನ ಮನೆಗೂ ಈ ಮನೆಗೂ ಇದ್ದ ಹಳೇ ಜಗಳವೂ ಹೆಪ್ಪುಗಟ್ಟಿತು.

ಕೂಲಿಂಗಣ್ಣ ಒಂದೊಂದೇ ಬಟ್ಟಲು ಹಿಡಿದು ಮುಂದಿನ ಕೋಣೆಗೆ ಹೋದ. ತಂಗಿ ಅಣ್ಣನ ಮುಖ ನೋಡಿ, ಬೇಡ ಎನ್ನಲಾರದೆ, ಚಮಚದ ತುದಿ ನಾಲಿಗೆಗೆ ಮುಟ್ಟಿಸಿ ಬಟ್ಟಲು ವಾಪಸ್ಸು ಕೊಟ್ಟಳು.

“ಇದಲ್ಲ.”

ಇನ್ನೊಂದು ಬಂತು.

“ಇದೂ ಅಲ್ಲ ಅಣ್ಣ.”

ಟೈಲರನ ಗಟ್ಟಿ ಮೊಸರಿಗೂ ಅದೇ ತೀರ್ಪು. ಕೂಲಿಂಗಣ್ಣ ನೆಲದ ಮೇಲೆ ಕೂತುಬಿಟ್ಟ. “ಇದಲ್ಲ ಇದಲ್ಲ ಅಂದ್ರೆ ಮತ್ಯಾವುದೇ? ಹೇಳು. ಎಲ್ಲಿದ್ರೂ ತರ್ತೀನಿ.”

ತಂಗಿ ಗೋಡೆಗೆ ಹೇಳಿದಂತೆ ಹೇಳಿದಳು.

“ಅವನು ಹಾಸ್ಟೆಲಲ್ಲಿ ಇದ್ದಾಗಿಂದ ಒಂದು ಹೆಪ್ಪು ಇಟ್ಕೊಂಡಿದ್ದ. ದಿನಾ ಸಂಜೆ ಅವನೇ ಮೊಸರು ಹಾಕ್ತಿದ್ದ. ನನಗೆ ಮುಟ್ಟೋಕೆ ಬಿಡ್ತಿರಲಿಲ್ಲ. ನಿನಗೆ ಹಾಲಿನ ಬಿಸಿ ತಿಳಿಯಲ್ಲ ಅಂತಿದ್ದ.” ಅಣ್ಣನ ಕಡೆ ತಿರುಗಿ ಕೇಳಿದಳು, “ಫ್ರಿಜ್ಜಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ನೆಗ್ಗಿತ್ತು. ನೀನು ಮನೆ ಖಾಲಿ ಮಾಡಿದ್ಯಲ್ಲ...”

“ಆಗಲೇ ಕೇಳಬಾರದಿತ್ತಾ?”

“ಎಸೆದೆ ಅಂತ ನೀನು ಹೇಳಿಬಿಟ್ರೆ ಅಂತ ಕೇಳಲಿಲ್ಲ.”

ಕೂಲಿಂಗಣ್ಣನಿಗೆ ಮೈಯೆಲ್ಲ ತಣ್ಣಗಾಯಿತು. ಎಸೆದೆನೋ ಇಲ್ಲವೋ ಅವನಿಗೇ ನೆನಪಿರಲಿಲ್ಲ. ಆ ದಿನ ಅವನ ತಲೆ ಅವನ ಕೈಯಲ್ಲಿರಲಿಲ್ಲ. ಆದರೆ ಕೈಗೆ ಅದರದೇ ಆದ ಬುದ್ಧಿ ಇತ್ತು. ಯಾರ ಫ್ರಿಜ್ ಅವನ ರಿಪೇರಿ ಅಂಗಡಿಗೆ ಬಂದರೂ ಒಳಗಿನ ತಿನ್ನುವ ಸಾಮಾನನ್ನು ತೆಗೆದು ಅಂಗಡಿಯ ಡೀಪ್ ಫ್ರೀಜರಿಗೆ ಹಾಕುವುದು ಅವನ ಪದ್ಧತಿ. ಗಿರಾಕಿ ಬಂದು ಕೇಳುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ತಂಗಿಯ ಮನೆಯ ಫ್ರಿಜ್ಜನ್ನೂ ಅವನು ಅಂಗಡಿಗೇ ಸಾಗಿಸಿದ್ದ. ಈ ಗಿರಾಕಿ ಮಾತ್ರ ಬಂದು ಕೇಳಿರಲಿಲ್ಲ. ಗಿರಾಕಿ ಅವನದೇ ಮನೆಯ ಮುಂದಿನ ಕೋಣೆಯಲ್ಲಿದ್ದಳು.

ಅಂಗಡಿಯ ಬಾಗಿಲು ಪೂರ್ತಿ ಎತ್ತುವಷ್ಟು ತಾಳ್ಮೆ ಅವನಿಗಿರಲಿಲ್ಲ. ಬಗ್ಗಿ ನುಸುಳಿದ. ಡೀಪ್ ಫ್ರೀಜರಿನೊಳಗೆ ಸೊಂಟದ ತನಕ ಇಳಿದು, ಯಾರದೋ ಐಸ್‌ಕ್ರೀಮು, ಯಾರದೋ ಬಟಾಣಿ, ಎಲ್ಲವನ್ನೂ ಕಿತ್ತು ಹಾಕಿದ. ತಳದಲ್ಲಿ, ಮಂಜಿಗೆ ಅಂಟಿಕೊಂಡು, ನೆಗ್ಗಿದ ಮುಚ್ಚಳದ ಡಬ್ಬಿ ಕೂತಿತ್ತು.

ಅದನ್ನು ಎದೆಗವಚಿಕೊಂಡು ಮನೆಗೆ ಬಂದಾಗ ತಂಗಿ ಸ್ನಾನಕ್ಕೆ ಹೋಗಿದ್ದಳು. ಕಲ್ಲಾಗಿರುವುದನ್ನು ಹೇಗೆ ತೋರಿಸುವುದು? ಕರಗಲಿ, ಆಮೇಲೆ ಕೊಡೋಣ ಎಂದು ಡಬ್ಬಿಯನ್ನು ಕಟ್ಟೆಯ ಮೇಲೆ ಊರಿನ ಬಟ್ಟಲುಗಳ ಪಕ್ಕದಲ್ಲಿಟ್ಟ.

ಆಗ ಬಾಗಿಲು ಬಡಿದ ಸದ್ದಾಯಿತು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಕೈಯಲ್ಲಿ ಐಸ್‌ಬಾಕ್ಸ್ ಹಿಡಿದು ನಿಂತಿದ್ದರು. ಹಿಂದೆ ಮೆಟ್ಟಿಲ ಮೇಲೆ ಟೀಚರ್, ಫೋನ್ ಮಾಡಿದ್ದು ತಾವಲ್ಲ ಎಂಬ ಮುಖದಲ್ಲಿ.

“ಇಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ದೂರು ಬಂದಿದೆ. ಎಲ್ಲಿದೆ?”

“ಸಾರ್, ಅದು ಎಲ್ಲರ ಹತ್ರಾನೂ...”

“ಎಲ್ಲರ ವಿಷಯ ಬೇಡ. ನಿಮ್ಮ ಮನೇದು ತೋರಿಸಿ.”

“ಕಾಣಲ್ಲ ಸಾರ್.”

“ಕಾಣಲ್ವಾ? ಬಚ್ಚಿಟ್ಟಿದ್ದೀರಾ?”

ಇನ್ಸ್‌ಪೆಕ್ಟರು ಬಚ್ಚಲ ಹೊರತು ಮನೆಯೆಲ್ಲ ಸುತ್ತಿದರು. ಮಂಚದ ಕೆಳಗೆ ಬಗ್ಗಿದರು. ಕೊನೆಗೆ ಅಡುಗೆಮನೆಯಲ್ಲಿ ಸಾಲುಗಟ್ಟಿದ ಬಟ್ಟಲುಗಳನ್ನು ಕಂಡು, “ಇವೇನು?” ಎಂದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಕೂಲಿಂಗಣ್ಣ, “ಬ್ಯಾಕ್ಟೀರಿಯಾ ಇರೋದು ಇದರಲ್ಲೇ ಸಾರ್. ಊರವರೆಲ್ಲ ತಂದುಕೊಟ್ಟಿದ್ದಾರೆ,” ಎಂದುಬಿಟ್ಟ.

ಇನ್ಸ್‌ಪೆಕ್ಟರಿಗೆ ಇಡೀ ನೌಕರಿಯಲ್ಲಿ ಇಷ್ಟು ದೊಡ್ಡ ಪ್ರಕರಣ ಸಿಕ್ಕಿರಲಿಲ್ಲ. ಬಟ್ಟಲುಗಳೆಲ್ಲ ಐಸ್‌ಬಾಕ್ಸಿಗಿಳಿದವು. ಕೊನೆಯಲ್ಲಿ ನೆಗ್ಗಿದ ಡಬ್ಬಿಯೂ ಇಳಿಯಿತು. ಕೂಲಿಂಗಣ್ಣ ಅಡ್ಡ ಬಂದು, “ಸಾರ್, ಅದೊಂದು ಬಿಡಿ,” ಎಂದು ಅಂಗಲಾಚಿದ. ಅದರಿಂದ ಡಬ್ಬಿಯ ಮೇಲೆ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ತಂಗಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ಕಟ್ಟೆ ಖಾಲಿಯಾಗಿತ್ತು. ಅಣ್ಣನ ಮುಖ ಅದಕ್ಕಿಂತ ಖಾಲಿಯಾಗಿತ್ತು.

“ಏನಾಯ್ತು ಅಣ್ಣ?”

“ಸಿಕ್ಕಿತ್ತು ಕಣೇ.”

“ಏನು?”

“ನೆಗ್ಗಿದ ಡಬ್ಬಿ. ಸಿಕ್ಕಿತ್ತು. ಇಲ್ಲೇ ಇಟ್ಟಿದ್ದೆ. ಈಗ ಸರ್ಕಾರ ತಗೊಂಡು ಹೋಯ್ತು.”

ಹೊರಗೆ ಸ್ಕೂಟರ್ ಶುರುವಾದ ಸದ್ದು ಕೇಳಿಸಿತು. ಮುಂದೆ ನಡೆದದ್ದನ್ನು ಆ ಬೀದಿ ಇಂದಿಗೂ ಹೇಳಿಕೊಳ್ಳುತ್ತದೆ. ಚಳಿಗಾಲದಿಂದ ಹೊಸ್ತಿಲು ದಾಟದ ಹುಡುಗಿ ಬರಿಗಾಲಲ್ಲಿ ಬೀದಿಗೆ ಹಾರಿದಳು. ಟವೆಲ್ ಟೈಲರನ ಬೇಲಿಗೆ ಸಿಕ್ಕಿಕೊಂಡಿತು. ಅವಳ ಹಿಂದೆ ಕೂಲಿಂಗಣ್ಣ, ಅವನ ಹಿಂದೆ ನಾದಿನಿಯ ಚಪ್ಪಲಿ ಹಿಡಿದ ಅವನ ಹೆಂಡತಿ, ಅವಳ ಹಿಂದೆ ರೋಗದ ಭಯ ಮರೆತು ಚಿಕ್ಕಮ್ಮ.

“ಏಯ್! ನಿಲ್ಸಿ! ಅದು ನಂದು!”

ಆ ದನಿ ಕೇಳಿ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಇನ್ಸ್‌ಪೆಕ್ಟರು ಬ್ರೇಕ್ ಹಾಕಿದರು.

“ಯಾವುದಮ್ಮ ನಿಂದು?”

“ಆ ನೆಗ್ಗಿದ ಡಬ್ಬಿ. ಕೊಡಿ.”

“ಸ್ಯಾಂಪಲ್ ತಗೊಂಡ ಮೇಲೆ ವಾಪಸ್ಸು ಕೊಡೋಕೆ ಬರಲ್ಲ. ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಹೋಗ್ಬೇಕು.”

“ಹಾಗಾದ್ರೆ ನಾನೂ ಬರ್ತೀನಿ,” ಎಂದು ತಂಗಿ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು, ಐಸ್‌ಬಾಕ್ಸನ್ನು ತೊಡೆಯ ಮೇಲೆಳೆದುಕೊಂಡಳು. ಇಳಿಸುವುದು ಹೇಗೆಂದು ಇಲಾಖೆ ಇನ್ಸ್‌ಪೆಕ್ಟರಿಗೆ ಕಲಿಸಿರಲಿಲ್ಲ. ಸ್ಕೂಟರ್ ಹೊರಟಿತು. ಅತ್ತಿಗೆ ಓಡುತ್ತಲೇ ಚಪ್ಪಲಿಗಳನ್ನು ಅವಳ ಮಡಿಲಿಗೆ ಎಸೆದಳು.

ಪ್ರಯೋಗಾಲಯದಲ್ಲಿ ಅದೇ ಡಾಕ್ಟರ್ ಮೇಡಂ ಇದ್ದರು. ಕೂಲಿಂಗಣ್ಣನೂ ತನ್ನ ಸ್ಕೂಟರಿನಲ್ಲಿ ಏದುಸಿರು ಬಿಡುತ್ತ ಬಂದು ಸೇರಿದ. ಮೇಡಂ ಒಂದೊಂದೇ ಬಟ್ಟಲಿನ ಮುಚ್ಚಳ ತೆಗೆದು ಮೂಸಿದರು.

“ಇದು ಮೊಸರು.”

“ಅದರಲ್ಲಿ ಬ್ಯಾಕ್ಟೀರಿಯಾ ಇದೆ ಮೇಡಂ,” ಎಂದರು ಇನ್ಸ್‌ಪೆಕ್ಟರು.

“ಇಲ್ಲದಿದ್ರೆ ಅದು ಮೊಸರಾಗ್ತಾನೇ ಇರಲಿಲ್ಲ.”

“ಅಂದ್ರೆ, ನಮ್ಮ ಮನೆ ಮೊಸರಲ್ಲೂ?”

“ನಿಮ್ಮ ಮನೆ ಮೊಸರಲ್ಲೂ.”

ಇನ್ಸ್‌ಪೆಕ್ಟರು ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಬೆಳಿಗ್ಗೆ ತಿಂದು ಬಂದದ್ದು ನೆನಪಾಗಿರಬೇಕು.

ಅಷ್ಟರಲ್ಲಿ ಮೂಲೆಯ ಫ್ರಿಜ್ ಗುಡುಗತೊಡಗಿತು. ಕೂಲಿಂಗಣ್ಣ ನೇರ ಹೋಗಿ ಅದರ ಪ್ಲಗ್ ಕಿತ್ತ. ಕೋಣೆ ನಿಶ್ಶಬ್ದವಾಯಿತು.

“ಮೇಡಂ, ನಿನ್ನೆ ಪಾಠ ಮಾಡ್ತಾ ‘ಆದರೆ’ ಅಂದ್ರಿ. ಆಮೇಲಿಂದು ನನಗೆ ಕೇಳಿಸಲಿಲ್ಲ. ಆದರೆ, ಏನು?”

ಮೇಡಂ ಅವನ ಚಪ್ಪಲಿ ನೋಡಿ ಗುರುತು ಹಿಡಿದರು. “ಆದರೆ, ಯಾವುದು ಮೊದಲು ಅಂತ ನಮಗಿನ್ನೂ ಸರಿಯಾಗಿ ಗೊತ್ತಿಲ್ಲ. ಹೊಟ್ಟೆ ಕೆಟ್ಟು ಮನಸ್ಸು ಕುಗ್ಗಿತಾ, ಮನಸ್ಸು ಕುಗ್ಗಿ, ಊಟ ನಿದ್ದೆ ಬಿಟ್ಟು ಹೊಟ್ಟೆ ಕೆಡ್ತಾ? ಎರಡೂ ಇರಬಹುದು. ಇದನ್ನ ತಿನ್ನಿಸಿದ್ರೆ ಸಂಕಟ ಹೋಗುತ್ತೆ ಅಂತ ಹೇಳೋ ಹಾಗಿಲ್ಲ. ಅದಕ್ಕೇ ಮನಸ್ಸಿನ ಡಾಕ್ಟರನ್ನ ನೋಡೋದು ತಪ್ಪಿಸಬಾರದು. ಅಷ್ಟೇ.”

“ಅಷ್ಟೇನಾ? ಬಹಳ ಹೊತ್ತು ಮಾತಾಡಿದ್ರಲ್ಲ.”

“ಇದನ್ನೇ ಬೇರೆ ಬೇರೆ ಥರ ಹೇಳಿದೆ. ಮೊದಲು ಆ ಫ್ರಿಜ್ ಆನ್ ಮಾಡಿ. ಅದರಲ್ಲಿ ನಮ್ಮ ವರ್ಷಗಟ್ಟಲೆ ಕೆಲಸ ಇದೆ.”

ಕೂಲಿಂಗಣ್ಣ ನಾಚಿ ಪ್ಲಗ್ ಸಿಕ್ಕಿಸಿದ. ಆ ಗದ್ದಲದ ನಡುವೆಯೇ ತಂಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಡಂ ಮುಂದೆ ನಿಂತಳು.

“ಇದು ಡೀಪ್ ಫ್ರೀಜರಲ್ಲಿತ್ತು ಮೇಡಂ. ಬದುಕಿರುತ್ತಾ?”

“ಎಲ್ಲವೂ ಸಾಯಲ್ಲ. ಕೆಲವು ಸುಮ್ಮನೆ ಇರ್ತವೆ.”

“ಇಷ್ಟು ತಿಂಗಳು ಸುಮ್ಮನೆ ಇದ್ರೂ?”

ಮೇಡಂ ಡಬ್ಬಿ ನೋಡಲಿಲ್ಲ, ಹುಡುಗಿಯ ಮುಖ ನೋಡಿದರು. “ಇಷ್ಟು ತಿಂಗಳು ಸುಮ್ಮನೆ ಇದ್ರೂ. ಬೆಚ್ಚಗಿನ ಹಾಲು ಕೊಟ್ಟು ನೋಡಮ್ಮ.”

ಸಂಜೆ ಮನೆಗೆ ಬಂದಾಗ ಟೀಚರ್ ಮೆಟ್ಟಿಲ ಮೇಲೆ ಕಾದಿದ್ದರು. “ಏನಂತೆ? ಯಾವ ಬ್ಯಾಕ್ಟೀರಿಯಾ ಅಂತೆ?”

ಕೂಲಿಂಗಣ್ಣ ಒಮ್ಮೆ ತಂಗಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು.

“ಬ್ಯಾಕ್ಟೀರಿಯಾ ಇರಲಿ ಟೀಚರ್. ಸೋಮವಾರ ಮನಸ್ಸಿನ ಡಾಕ್ಟರ್ ಹತ್ರ ಹೋಗ್ತಿದ್ದೀವಿ.”

ಮೈಕ್ ಹಾಕಿದಂತೆ ಎಂದು ಅವನು ಹೆದರಿದ್ದ ದನಿ ಪಿಸುಮಾತಾಗಿ ಇಳಿಯಿತು. ಟೀಚರ್ ಹತ್ತಿರ ಬಂದು ಸುತ್ತ ನೋಡಿದರು. “ಯಾವ ಡಾಕ್ಟರು ಅಂತ ನನಗೂ ಹೇಳ್ತೀಯಾ? ನಮ್ಮ ಮಗಳೂ ರೂಮಿಂದ ಹೊರಗೆ ಬರ್ತಿಲ್ಲ ಕಣಪ್ಪ. ಪರೀಕ್ಷೆಗೆ ಓದ್ತಿದ್ದಾಳೆ ಅಂತ ಎಲ್ಲರಿಗೂ ಹೇಳ್ತಾ ಇದ್ದೀನಿ.”

ಅಡುಗೆಮನೆಯಲ್ಲಿ ತಂಗಿ ಹಾಲು ಕಾಯಿಸಿದಳು. ಬೆರಳು ಅದ್ದಿದಳು, ಸುಟ್ಟಿತು. ಕಾದಳು. ಮತ್ತೆ ಅದ್ದಿದಳು. ಎಷ್ಟು ಬಿಸಿ ಇರಬೇಕೆಂದು ಹೇಳಬೇಕಾದವನು ಇರಲಿಲ್ಲ. ಕೂಲಿಂಗಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ತಣ್ಣಗಿಡುವುದೊಂದನ್ನು ಬಿಟ್ಟು ಅವನಿಗೆ ಏನೂ ಬರುತ್ತಿರಲಿಲ್ಲ. ಕೊನೆಗೆ ಅವಳು ಕಣ್ಣು ಮುಚ್ಚಿ ಅಂದಾಜು ಮಾಡಿ, ಡಬ್ಬಿಯಲ್ಲಿ ಕರಗಿದ್ದನ್ನು ಒಂದು ಚಮಚ ಹಾಲಿಗೆ ಬಿಟ್ಟು ಕದಡಿದಳು.

“ಬೆಚ್ಚಗೆ ಇಡಬೇಕು. ಏನಾದ್ರೂ ಸುತ್ತಬೇಕು,” ಎಂದಳು ಅತ್ತಿಗೆ.

ತಂಗಿ ಕೋಣೆಗೆ ಹೋದಳು. ದಿಂಬಿನ ಅಡಿಯಿಂದ ಬೂದು ಸ್ವೆಟರ್ ತಂದಳು. ಪಾತ್ರೆಯನ್ನು ಅದರೊಳಗೆ ಕೂರಿಸಿ, ಎರಡು ತೋಳುಗಳನ್ನು ಮುಂದಕ್ಕೆ ತಂದು ಗಂಟು ಹಾಕಿದಳು. ಯಾರೋ ಪಾತ್ರೆಯನ್ನು ತಬ್ಬಿಕೊಂಡು ಕೂತಂತೆ ಕಾಣಿಸಿತು.

ಬೆಳಿಗ್ಗೆ ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ ನೆರೆದರು. ಟೈಲರ್ ಕಿಟಕಿಯಾಚೆ ಕತ್ತು ಚಾಚಿದ್ದ. ತಂಗಿ ಗಂಟು ಬಿಚ್ಚಿ, ತಟ್ಟೆ ಸರಿಸಿ, ಪಾತ್ರೆಯನ್ನು ಮೆಲ್ಲಗೆ ವಾಲಿಸಿದಳು. ಗಟ್ಟಿ ಏನಲ್ಲ. ಟೈಲರನ ಮೊಸರಿನ ಎದುರು ಇದು ಅರ್ಧ ನೀರು. ಆದರೂ ಹಾಲು ಹಾಲಾಗಿ ಉಳಿದಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಒಂದು ನಡುಗುವ ಕೆನೆ ನಿಂತಿತ್ತು.

ಅವಳು ಒಂದು ಚಮಚ ಬಾಯಿಗಿಟ್ಟಳು. ಮುಖ ಕಿವುಚಿಕೊಂಡಿತು. ಆಮೇಲೆ ಕಣ್ಣು ತುಂಬಿ, ತುಂಬಿದ್ದು ಹರಿಯತೊಡಗಿತು.

ಕೂಲಿಂಗಣ್ಣ ಗಾಬರಿಯಾದ. “ಹುಳಿ ಆಗಿದೆಯೇನೇ? ಇದೂ ಅಲ್ವಾ?”

“ಹುಳಿ,” ಎಂದಳು ತಂಗಿ, ಅಳುತ್ತಲೇ ನಗುತ್ತ. “ಅವನೂ ಯಾವಾಗಲೂ ಹುಳಿ ಮಾಡ್ತಿದ್ದ ಅಣ್ಣ. ನನಗೆ ಬಿಸಿ ತಿಳಿಯಲ್ಲ ಅಂತ ಬೈದು ಬೈದು, ದಿನಾ ಹುಳಿ ಮಾಡ್ತಿದ್ದ.”

ಹೆಂಡತಿ ನೀರಿನ ಲೋಟ ತಂದಳು. ಕೂಲಿಂಗಣ್ಣ ತಂಗಿಯ ಬೆನ್ನು ಸವರಿದ. ತಿಂಗಳುಗಳಿಂದ ಕಾದಿದ್ದ ಕೆಲಸ ಸಿಕ್ಕವನಂತೆ ಅವನು ಸವರುತ್ತಲೇ ಇದ್ದ.

ತಂಗಿ ಬಟ್ಟಲು ಮುಗಿಸಿದಳು. ನಾಳೆಗೆಂದು ಒಂದು ಚಮಚ ತೆಗೆದು ನೆಗ್ಗಿದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸ್ವೆಟರಿನ ತೋಳಿಗೆ ಮೊಸರು ತಾಗಿತ್ತು. ಅತ್ತಿಗೆ ಅದನ್ನು ಒಗೆಯಲು ಎತ್ತಿಕೊಂಡಳು.

“ಇವತ್ತು ಬೇಡ ಅತ್ತಿಗೆ,” ಎಂದು ತಂಗಿ ಅದನ್ನು ವಾಪಸ್ಸು ತೆಗೆದುಕೊಂಡು ಮೂಗಿಗೆ ಹಿಡಿದಳು.

“ನಾಳೆ ನಾನೇ ಒಗೀತೀನಿ.”